ಕಾಮಣ್ಣನ ಕಥೇನೂ ಹಾಕಿ

ಸಂಪಾದಕರೇ,

ಹೋಳಿ ಬಂತು ಅಂದ್ರೆ ಟಿವಿ, ಪೇಪರ್ ಎಲ್ಲಾ ಕಡೆ ಪ್ರಹ್ಲಾದ, ಹೋಲಿಕಾ ಕಥೇನೇ, ಅದೂ ಒಳ್ಳೇದೇ, ಆದ್ರೆ ನಮ್ಮಲ್ಲಿ ಫಾಲ್ಗುಣ ಹುಣ್ಣಿಮೆಗೆ ಸುಡೋದು ಕಾಮಣ್ಣನ್ನ ಅಲ್ವಾ? ತಾರಕಾಸುರನ್ನ ಕೊಲ್ಲೋಕೆ ಶಿವನ ಮಗನೇ ಬೇಕು, ಶಿವ ನೋಡಿದ್ರೆ ತಪಸ್ಸಿಗೆ ಕೂತಿದ್ದಾನೆ, ಆಗ ದೇವತೆಗಳ ಮಾತು ಕೇಳಿ ಮನ್ಮಥ ಹೋಗಿ ಹೂಬಾಣ ಬಿಟ್ಟ, ಮೂರನೇ ಕಣ್ಣಿನ ಬೆಂಕಿಗೆ ಬೂದಿಯಾದ. ಪಾಪ, ಹೋಗಿದ್ದು ಲೋಕದ ಕೆಲಸಕ್ಕೇ. ರತಿ ಅತ್ತು ಬೇಡ್ಕೊಂಡ್ಮೇಲೆ ಮೈ ಇಲ್ದೆ ಅನಂಗನಾಗಿ ಉಳ್ಕೊಂಡ. ಉತ್ತರ ಕರ್ನಾಟಕದಲ್ಲಿ ಹಲಗೆ ಬಾರಿಸ್ಕೊಂಡು, ಬಾಯಿ ಬಡ್ಕೊಂಡು ಸುಡೋದು ಇದೇ ಕಾಮನ್ನ. ಮಿತಿ ಮೀರಿದ ಆಸೆ ಸುಡ್ಬೇಕು, ಪ್ರೀತಿ ಮಾತ್ರ ಸಾಯಲ್ಲ, ನಂಗೆ ಈ ಹಬ್ಬ ಅಂದ್ರೆ ಅಷ್ಟೇ. ಈ ಸಲ ಹಬ್ಬದ ಪುಟದಲ್ಲಿ ಇದನ್ನೂ ಹಾಕಿ ಸಾರ್, ಬಣ್ಣ ಎರಚೋ ಮಕ್ಕಳು ಓದ್ಲಿ.