‘ಕುಸುಮಬಾಲೆ’ಯನ್ನು ಸುಮ್ಮನೆ ಓದಿ

ಮಾನ್ಯರೇ,

ದೇವನೂರ ಮಹಾದೇವರ ಕಾದಂಬರಿ ‘ಕುಸುಮಬಾಲೆ’ (1984) ಎಂದೊಡನೆ ಅನೇಕರು ‘ಅಯ್ಯೋ, ಅರ್ಥವಾಗಲ್ಲ’ ಎಂದು ಕೈಮುಗಿಯುತ್ತಾರೆ. ತರಗತಿಗಳಲ್ಲಿ ತಂತ್ರ, ಸಂಕೇತ, ಮಾಂತ್ರಿಕ ವಾಸ್ತವತೆ (ನಿತ್ಯದ ಬದುಕಿನಲ್ಲಿ ಅದ್ಭುತವನ್ನು ಸಹಜವೆಂಬಂತೆ ಬೆರೆಸುವ ಬಗೆ) ಎಂದು ಟಿಪ್ಪಣಿ ಬರೆಸುವುದೇ ಹೆಚ್ಚು. ಪುಸ್ತಕ ತೆರೆಯುವ ಮುನ್ನವೇ ಸುಸ್ತು. ನಾನು ಧಾರವಾಡದ ಕಡೆಯವನು, ಕಾದಂಬರಿಯ ನಂಜನಗೂಡು ಸೀಮೆಯ ಆಡುಮಾತು ನನಗೂ ತೊಡಕೇ. ಗಟ್ಟಿಯಾಗಿ ಓದಿಕೊಂಡರೆ ಅರ್ಧ ತೊಡಕು ನಾಲಿಗೆಯ ಮೇಲೇ ಬಿಡಿಸಿಕೊಳ್ಳುತ್ತದೆ.

ಕಾದಂಬರಿಯಲ್ಲಿ ರಾತ್ರಿ ಊರು ಮಲಗಿದ ಮೇಲೆ ಮನೆಮನೆಯ ದೀಪದ ಜೋತಮ್ಮಂದಿರು, ಅಂದರೆ ದೀಪದ ಜ್ಯೋತಿಗಳೇ, ಒಂದೆಡೆ ಸೇರಿ ಮಾತಿಗೆ ಕೂರುತ್ತಾರೆ. ಮಂಚವೂ ಬಾಯಿಬಿಡುತ್ತದೆ. ಇದು ಯಾವುದರ ಸಂಕೇತ ಎಂದು ಕೆದಕುವ ಗೋಜೇಕೆ? ಅಜ್ಜಿ ಕಥೆ ಹೇಳುವಾಗ ನಾವು ಹಾಗೆ ಕೇಳಿದ್ದುಂಟೇ? ವಿದ್ವಾಂಸ ಎಲ್. ಬಸವರಾಜು ಅವರು ಈ ಗದ್ಯವನ್ನು ಸಾಲು ಒಡೆದು ಕಾವ್ಯದಂತೆ ಜೋಡಿಸಿದ್ದೂ ಅದರ ಲಯ ಕಿವಿಗೆ ಬಿದ್ದೇ ಇರಬೇಕು.

ವಿಮರ್ಶೆ ಬೇಡವೆನ್ನುತ್ತಿಲ್ಲ, ಅದು ಎರಡನೇ ಓದಿಗಿರಲಿ. ಸುಮ್ಮನೆ ಖುಷಿಗೆ ಓದಿದವರಿಗೂ ಕಾದಂಬರಿಯ ದಲಿತ ಯುವಕ ಚನ್ನನ ಕೊಲೆ ತಟ್ಟದೇ ಬಿಡುವುದಿಲ್ಲ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಥ ಕೃತಿಗಳ ಒಂದೊಂದು ಪುಟವನ್ನು, ಪಕ್ಕದಲ್ಲಿ ಯಾರ ವ್ಯಾಖ್ಯಾನವೂ ಇಲ್ಲದೆ, ಪ್ರಕಟಿಸಬಾರದೇಕೆ?

– ಒಬ್ಬ ಓದುಗ, ಧಾರವಾಡ