ಆಪ್ಟಿಕಲ್ ಸಿ.ಟಿ.: ಪಕ್ಕದ ಫೇಸಿನ ಪರೀಕ್ಷೆ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿ ಜಿಲ್ಲೆಗಳ ಕಾವೂರು, ಕೇಮಾರಿನಂಥ ಸಬ್‌ಸ್ಟೇಷನ್‌ಗಳಲ್ಲಿ ಎಣ್ಣೆ ತುಂಬಿದ ಸಿ.ಟಿ. (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಬದಲು ಬೆಳಕಿನಿಂದ ಕರೆಂಟ್ ಅಳೆಯುವ ಆಪ್ಟಿಕಲ್ ಸಿ.ಟಿ. ಹಾಕುವ ಮಾತು ಬಂದಾಗ, ಅದಕ್ಕೆ ಹೊರಗಿನ ಕಾಂತಕ್ಷೇತ್ರದ ಕಾಟವಿಲ್ಲ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ.

ಇದರಲ್ಲಿ ತಂತಿಯ ಸುತ್ತ ಗಾಜಿನ ಫೈಬರ್ ಇರುತ್ತದೆ. ಕರೆಂಟಿನ ಕಾಂತಕ್ಷೇತ್ರ ಅದರೊಳಗಿನ ಬೆಳಕಿನ ಧ್ರುವೀಕರಣವನ್ನು, ಅಂದರೆ ಕಂಪನದ ದಿಕ್ಕನ್ನು, ತಿರುಗಿಸುತ್ತದೆ; ಆ ತಿರುವೇ ಅಳತೆ. ಫೈಬರ್ ಪೂರ್ತಿ ಸುತ್ತು ಹಾಕಿದ್ದರೆ, ಹೊರಗಿನ ತಂತಿಯು ಬೆಳಕಿನ ಧ್ರುವೀಕರಣವನ್ನು ಒಂದು ಬದಿಯಲ್ಲಿ ಎಷ್ಟು ತಿರುಗಿಸುತ್ತದೋ ಇನ್ನೊಂದು ಬದಿಯಲ್ಲಿ ಅಷ್ಟೇ ಹಿಂದಕ್ಕೆ ತಿರುಗಿಸುತ್ತದೆ. ಆದರೆ ಸುತ್ತು ಕೂಡಿರಬೇಕು. ಒಂದೇ ಸುತ್ತಿನ ಸೆನ್ಸರಿನಲ್ಲಿ ತುದಿಗಳ ನಡುವೆ 1 ಸೆಂ.ಮೀ. ಎಡೆ ಉಳಿದು, ಅದಕ್ಕೆ 20 ಸೆಂ.ಮೀ. ದೂರದಲ್ಲಿ ಪಕ್ಕದ ಫೇಸಿನ ಬಸ್‌ಬಾರ್ (ಕರೆಂಟ್ ಹರಿಯುವ ದಪ್ಪ ಲೋಹದ ಪಟ್ಟಿ) ಇದ್ದರೆ, ಆ ಕರೆಂಟಿನ ಶೇ 0.8ರವರೆಗೆ ನಮ್ಮ ರೀಡಿಂಗಿಗೆ ಸೇರುತ್ತದೆ. ಫೇಸ್‌ಗಳ ಕರೆಂಟ್ ಅಲೆಗಳ ನಡುವೆ 120 ಡಿಗ್ರಿ ಇರುವುದರಿಂದ, ಎರಡರಲ್ಲೂ ಅಷ್ಟೇ ಕರೆಂಟಿದ್ದರೆ ಅಳತೆ ಶೇ 0.4ರಷ್ಟು, ಕೋನ ಸುಮಾರು 24 ನಿಮಿಷದಷ್ಟು (60 ನಿಮಿಷ ಅಂದರೆ ಒಂದು ಡಿಗ್ರಿ) ತಪ್ಪುತ್ತದೆ. 0.2 ಕ್ಲಾಸ್ (ನಿಖರತೆಯ ದರ್ಜೆ) ಸಿ.ಟಿ.ಗೆ ಪೂರ್ಣ ಕರೆಂಟಿನಲ್ಲಿ ಇರುವ ಮಿತಿ ಶೇ 0.2 ಮತ್ತು 10 ನಿಮಿಷ. ಪವರ್ ಫ್ಯಾಕ್ಟರ್ (ಕರೆಂಟ್ ಮತ್ತು ವೋಲ್ಟೇಜ್ ಎಷ್ಟು ಹೊಂದಿ ನಡೆಯುತ್ತವೆ ಎಂಬ ಅಳತೆ) ಇಳಿದಂತೆ ಕೋನದ ತಪ್ಪೇ ಯೂನಿಟ್ ಲೆಕ್ಕವನ್ನು ಹೆಚ್ಚು ಕೆಡಿಸುತ್ತದೆ.

10 ಸುತ್ತು ಹಾಕಿ ತುದಿಗಳನ್ನು ಒಂದೇ ಜಾಗಕ್ಕೆ ತಂದರೆ ಅದೇ ಎಡೆಯ ಪಾಲು ಶೇ 0.08ಕ್ಕೆ ಇಳಿಯುತ್ತದೆ. ಫೇಸ್‌ಗಳು ಅಡ್ಡಸಾಲಿನಲ್ಲಿದ್ದರೆ ಎಡೆಯನ್ನು ಮೇಲೆ ಇಲ್ಲವೇ ಕೆಳಗೆ ಬರುವಂತೆ ಕೂರಿಸಬೇಕು. ಪಕ್ಕದ ಫೇಸಿನತ್ತ ಮುಖ ಮಾಡಿಸಲೇಬಾರದು. ಬಿಗಿಯಾಗಿ ಬಾಗಿದ, ಕ್ಲಾಂಪಿನಡಿ ಒತ್ತಿದ ಫೈಬರಿನ ಸಂವೇದನೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಆಗ ಸುತ್ತು ಕೂಡಿದ್ದರೂ ಹೊರಗಿನ ಕ್ಷೇತ್ರ ಪೂರ್ತಿ ರದ್ದಾಗದು. ಹಾಗಾಗಿ ಎಳೆಯುವಾಗಲೇ ತಿರುಚಿ ತಯಾರಿಸಿದ ಅಥವಾ ಸುತ್ತಿದ ಮೇಲೆ ಕಾಯಿಸಿ ಒತ್ತಡ ಕಳೆದ ಫೈಬರನ್ನೇ ಕೇಳಬೇಕು. ನಮ್ಮ ಉಪ್ಪುಗಾಳಿಗೆ ಕಬ್ಬಿಣದ ಬೋಲ್ಟ್ ತುಕ್ಕು ಹಿಡಿದು ಸಡಿಲವಾದರೆ ಎಡೆಯೂ ಅಲುಗುತ್ತದೆ.

ಫೈಬರಿನ ಸುತ್ತಿಲ್ಲದೆ, ತಂತಿಯ ಪಕ್ಕ ಒಂದೇ ಹರಳಿಟ್ಟು ಅಳೆಯುವ ಅಗ್ಗದ ಸೆನ್ಸರುಗಳ ಕಥೆ ಬೇರೆ. ತಂತಿಯಿಂದ 20 ಸೆಂ.ಮೀ. ದೂರದಲ್ಲಿ ಹರಳಿದ್ದು, 3 ಮೀಟರ್ ಆಚೆ ಅಷ್ಟೇ ಕರೆಂಟಿನ ಇನ್ನೊಂದು ಫೇಸ್ ಇದ್ದರೆ ಅದರ ಪಾಲು ಶೇ 6.7ರ ಆಸುಪಾಸು. ಹೊರಗಿನ ಕ್ಷೇತ್ರ ತಡೆಯಲು ಹಾಕುವ ಕಬ್ಬಿಣದ ಕವಚ ಫಾಲ್ಟ್ ಕರೆಂಟಿನಲ್ಲಿ (ಶಾರ್ಟ್ ಆದಾಗಿನ ಭಾರಿ ಕರೆಂಟ್) ಸ್ಯಾಚುರೇಟ್ ಆಗಿ, ಅಂದರೆ ಕಾಂತತ್ವ ತುಂಬಿಹೋಗಿ, ಕೈಕೊಡುತ್ತದೆ. ತಂತಿಯ ಎರಡೂ ಬದಿಗೆ ಒಂದೊಂದು ಹರಳಿಟ್ಟು ವ್ಯತ್ಯಾಸ ತೆಗೆದರೆ ಆ ಪಾಲು ಶೇ 0.45ಕ್ಕೆ ಬರುತ್ತದೆ. ಮೀಟರಿಂಗಿಗೆ ಅದೂ ಸಾಲದು.

ಟೆಂಡರಿನಲ್ಲೇ ಈ ಪರೀಕ್ಷೆ ಬರೆಯಲಿ: ಸುತ್ತಿನೊಳಗೆ ಕರೆಂಟ್ ಇಲ್ಲದಿರುವಾಗ, ಹೊರಗೆ 20 ಸೆಂ.ಮೀ. ದೂರದ ತಂತಿಯಲ್ಲಿ 1000 ಆಂಪಿಯರ್ ಹರಿಸಬೇಕು. ಸೆನ್ಸರನ್ನು 45 ಡಿಗ್ರಿಯಂತೆ ತಿರುಗಿಸುತ್ತ ಹೋದಾಗ ಎಲ್ಲೂ ರೀಡಿಂಗ್ 1 ಆಂಪಿಯರ್ ದಾಟಬಾರದು. ಚಾರ್ಜ್ ಮಾಡುವ (ಲೈನಿಗೆ ಕರೆಂಟ್ ಕೊಡುವ) ಮುನ್ನ ಒಮ್ಮೆ, ಮೊದಲ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಇದಾಗಲಿ.

– ವಿದ್ಯುತ್ ಮಾಪನ ಎಂಜಿನಿಯರುಗಳು, ಸುರತ್ಕಲ್