ಪಂದಿಕರಿಗೆ ಶಿರಾಜ್: ಗೆಳೆಯನಿಗೊಂದು ಪತ್ರ

ಗೆಳೆಯಾ,

ಪಂದಿಕರಿ ಮಾಡುವ ದಿನ ಯಾವ ವೈನ್ ತರಲಿ ಅಂತ ಕೇಳಿದ್ದೆಯಲ್ಲ, ಶಿರಾಜ್ ತಾ, ಅದೇ ಹೆಸರಿನ ದ್ರಾಕ್ಷಿಯ ರೆಡ್ ವೈನ್. ಅದರಲ್ಲಿ ಕಾಳುಮೆಣಸಿನ ವಾಸನೆ ಇದೆ ಅನ್ನುವುದು ಬರೀ ಹೋಲಿಕೆಯ ಮಾತಲ್ಲ. ಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಎಂಬ ವಸ್ತುವೇ ಈ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ತೋರಿಸಿಕೊಟ್ಟರು. ಕೆಲವರ ಮೂಗಿಗೆ ಅದು ಹತ್ತುವುದೇ ಇಲ್ಲ, ನಿನಗೂ ಹತ್ತದಿದ್ದರೆ ಸಂಕೋಚ ಬೇಡ. ತಂಪು ಸೀಮೆಯ ಬೆಳೆಯಲ್ಲಿ ಮೆಣಸು ಜೋರು. ಫ್ರಾನ್ಸಿನ ಉತ್ತರ ರೋನ್ ಕಣಿವೆಯದು ಅಂಥದ್ದು, ಅಲ್ಲಿ ಇದರ ಹೆಸರು ಸಿರಾ. ನಂದಿ ಬೆಟ್ಟದ ಬುಡದ ಗ್ರೋವರ್‌ನವರ ಲಾ ರಿಸರ್ವ್ ಎಂಬ ವೈನ್ ಕ್ಯಾಬರ್ನೆ ಸೋವಿನ್ಯೋಂ ಅನ್ನುವ ಇನ್ನೊಂದು ದ್ರಾಕ್ಷಿ ಮತ್ತು ಶಿರಾಜ್ ಬೆರಕೆ. ಅದೂ ನಡೆಯುತ್ತದೆ.

ರೆಡ್ ವೈನನ್ನು ಕೋಣೆಯ ಶಾಖದಲ್ಲೇ ಕುಡಿಯಬೇಕು ಅನ್ನುವುದು ಯುರೋಪಿನ ತಣ್ಣನೆ ಮನೆಗಳ ಮಾತು. ನಮ್ಮ 28 ಡಿಗ್ರಿಯಲ್ಲಿ ಆಲ್ಕೋಹಾಲ್ ಮುಂದೆ ನುಗ್ಗಿ ಮೂಗು ಉರಿಯುತ್ತದೆ. 16ರಿಂದ 18 ಡಿಗ್ರಿ ಸಾಕು: ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ, ಅವಸರವಿದ್ದರೆ ಐಸ್ ನೀರಿನಲ್ಲಿ ಹತ್ತು ನಿಮಿಷ. ಅದಕ್ಕಿಂತ ತಣ್ಣಗಾದರೆ ಒಗರು ಮೊನಚಾಗುತ್ತದೆ.

ಬಾಟಲಿ ತೆರೆದ ಕೂಡಲೇ ಮೂಸು. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್‌ನಿಂದ ಕೆಟ್ಟಿದೆ ಎಂದರ್ಥ. ಎಷ್ಟು ಗಾಳಿಯಾಡಿಸಿದರೂ ಅದು ಹೋಗದು, ಅಂಗಡಿಗೆ ವಾಪಸ್ ಕೊಡು. ಬೆಂಕಿಕಡ್ಡಿ ಗೀರಿದ ವಾಸನೆ ಮಾತ್ರವಾದರೆ ಗಾಬರಿ ಬೇಡ. ಗಾಜಿನ ಜಗ್ಗಿಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬು, ತಿರುಗಿಸಲು ಜಾಗ ಬೇಕಲ್ಲ.

ಗುಟುಕನ್ನು ಬಾಯೆಲ್ಲ ಆಡಿಸಿ, ನುಂಗಿದ ಮೇಲೆ ವಸಡು ಗಮನಿಸು. ನೇರಳೆ ಹಣ್ಣು ತಿಂದ ಹಾಗೆ ಒಣಗಿ ಹಿಡಿದುಕೊಂಡರೆ ಅದು ಟ್ಯಾನಿನ್, ನಮ್ಮ ಒಗರು. ಜೊಲ್ಲಿನ ಪ್ರೋಟೀನನ್ನು ಅದು ಕಟ್ಟಿಹಾಕುವುದರಿಂದ ಬಾಯಿಯ ಜಾರುತನ ಹೋಗುತ್ತದೆ. ಹುಳಿಯ ಕೆಲಸ ಇದಕ್ಕೆ ತದ್ವಿರುದ್ಧ, ಬಾಯಲ್ಲಿ ನೀರೂರಿಸುತ್ತದೆ. ಇವೆರಡನ್ನು ಬೇರೆ ಮಾಡಿ ಗುರುತಿಸಲು ಬಂದರೆ ಜೋಡಿ ಹುಡುಕುವುದು ಸುಲಭ.

ಒಗರಿಗೆ ಬೇಕಾದ್ದು ಮಾಂಸ, ಕೊಬ್ಬು, ಉಪ್ಪು. ಅದಕ್ಕೇ ಪಂದಿಕರಿಗೆ ಕೊಬ್ಬಿರುವ ತುಂಡುಗಳನ್ನೇ ತೆಗೆದುಕೋ. ಮೆಣಸು ಧಾರಾಳವಾಗಿರಲಿ, ಹಸಿಮೆಣಸಿನಕಾಯಿ ಕೈಬಿಡು, ಇಲ್ಲವೇ ಕಿಲೋಗೆ ಒಂದೆರಡು ಸಾಕು. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಇನ್ನಷ್ಟು ಹೊತ್ತಿಸುತ್ತದೆ, ಆಮೇಲೆ ವೈನಿನಲ್ಲಿ ಕಹಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಕಾಚಂಪುಳಿಯನ್ನು, ಅಂದರೆ ಕೊಡಗಿನ ಕಪ್ಪು ಹುಳಿಯನ್ನು, ಕೊನೆಗೆ ಹಾಕು, ಮೊದಲು ಒಂದೇ ಚಮಚ. ರುಚಿ ನೋಡಿ ಬೇಕಾದರೆ ಇನ್ನೊಂದು. ಅಡುಗೆಯ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆಯಾಗುತ್ತದೆ. ಜೊತೆಗೆ ಕಡಂಬುಟ್ಟು, ಅಕ್ಕಿಯ ಉಂಡೆ. ಅದರ ಸಪ್ಪೆತನವೇ ಇಲ್ಲಿ ಉಪಕಾರಿ.

ಮಾಂಸ ತಿನ್ನದವರು ಬಂದರೆ ಎಣ್ಣೆಗಾಯಿ ಮಾಡು, ಕಡಲೆಕಾಯಿ-ಎಳ್ಳಿನ ಜಿಡ್ಡು ಒಗರನ್ನು ತಡೆಯುತ್ತದೆ. ಬೆಲ್ಲ ಮಾತ್ರ ಬೇಡ ಮಾರಾಯ, ಸಿಹಿ ತಾಗಿದರೆ ವೈನ್ ಹುಳಿಹುಳಿಯಾಗಿ, ಕಹಿಯಾಗಿ ಕಾಣುತ್ತದೆ. ಪಾಯಸ ಬರುವ ಮುಂಚೆ ಗ್ಲಾಸು ಖಾಲಿಯಾಗಲಿ. ಬಂಗುಡೆ ಫ್ರೈ ಇದ್ದರೆ ಅದಕ್ಕೆ ಬಿಯರ್ ಕೊಡು. ರೆಡ್ ವೈನಿನ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದರೆ ಹಳಸಿದ ಮೀನಿನ ವಾಸನೆ ಬಾಯಲ್ಲಿ ನಿಲ್ಲುತ್ತದೆ.

ಉಳಿದದ್ದಕ್ಕೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡು. ಎರಡು-ಮೂರು ದಿನ ತಡೆಯುತ್ತದೆ. ವಿನೆಗರ್ ವಾಸನೆ ಶುರುವಾದರೆ ಕುಡಿಯಬೇಡ, ಮಾಂಸ ನೆನೆಸಲು ಬಳಸು.

ನಿನ್ನ ಗೆಳೆಯ